ಯಂತ್ರಕ್ಕೆ ತಂಗಾಳಿ, ಕಿವಿಗೆ ಇಂಪು

ಹಾಸನವನ್ನು ‘ಬಡವರ ಊಟಿ’ ಎಂದು ಕರೆಯುವುದು ವಾಡಿಕೆ. ಸಮುದ್ರಮಟ್ಟಕ್ಕಿಂತ 900 ಮೀಟರಿಗೂ ಎತ್ತರದಲ್ಲಿರುವ ಈ ಊರಿನಲ್ಲಿ, ಮಾಗಿಯ ನಡುರಾತ್ರಿ ಮನೆಮಂದಿಯೆಲ್ಲ ಕಂಬಳಿ ಹೊದೆದು ಮಲಗಿರುವಾಗಲೂ ಒಂದು ಕೋಣೆಯಲ್ಲಿ ಫ್ಯಾನು ಭರ್ರೆಂದು ತಿರುಗುತ್ತಿರುವುದುಂಟು. ಅದು ಮನುಷ್ಯರಿಗಾಗಿ ಅಲ್ಲ. ಮೊಮ್ಮಗನು ಆಟಕ್ಕೆಂದು ಇಟ್ಟುಕೊಂಡ ಕಂಪ್ಯೂಟರಿಗಾಗಿ. ಪಕ್ಕದ ಕೋಣೆಯ ತಾತನಿಗೆ ನಿದ್ದೆಯಿಲ್ಲ. ಫ್ಯಾನನ್ನು ನಿಲ್ಲಿಸಿದರೋ ಯಂತ್ರಕ್ಕೆ ಉಳಿಗಾಲವಿಲ್ಲ. ಅರಕಲಗೂಡಿನ ಆಲೂಗೆಡ್ಡೆಯನ್ನೋ ಚನ್ನರಾಯಪಟ್ಟಣದ ತೆಂಗಿನಕಾಯಿಯನ್ನೋ ಮಾರಿದ ಹಣದಿಂದ ಇಂಥ ಯಂತ್ರವನ್ನು ಕೊಂಡ ಮನೆಗೆ ಇದು ಸಣ್ಣ ಚಿಂತೆಯಲ್ಲ.

ಕಿವಿಗೆ ಕೇಳದ ಮಿಡಿತ

ಈ ಇಕ್ಕಟ್ಟನ್ನು ಬಿಡಿಸುವ ಕೆಲಸ ಮದರ್‌ಬೋರ್ಡಿನದು. ಅದರ ಮೇಲಿರುವ ಉಷ್ಣಮಾಪಕಗಳು ಕಾವನ್ನು ಅಳೆಯುತ್ತಿರುತ್ತವೆ. ಅದಕ್ಕೆ ತಕ್ಕಂತೆ ಫ್ಯಾನಿನ ವೇಗ ಏರಿಳಿಯುತ್ತದೆ. ಮೂರು ತಂತಿಯ ಫ್ಯಾನಿಗೆ ವೋಲ್ಟೇಜನ್ನೇ ತಗ್ಗಿಸಬೇಕು. ನಾಲ್ಕು ತಂತಿಯದಕ್ಕೆ 12 ವೋಲ್ಟ್ ಹಾಗೆಯೇ ಇದ್ದು, ನಾಲ್ಕನೆಯ ತಂತಿಯಲ್ಲಿ ಸೆಕೆಂಡಿಗೆ ಸುಮಾರು 25,000 ಮಿಡಿತಗಳು ಹರಿದು ವೇಗವನ್ನು ನಿರ್ಧರಿಸುತ್ತವೆ. ಮನುಷ್ಯನ ಕಿವಿ 20,000ಕ್ಕಿಂತ ಮೇಲಿನ ಕಂಪನವನ್ನು ಗ್ರಹಿಸಲಾರದು. ಆದ್ದರಿಂದ ಈ ಮಿಡಿತದ ಸದ್ದು ಯಾರನ್ನೂ ಕಾಡದು.

ಸದ್ದಿನ ಲೆಕ್ಕವೂ ಸ್ವಾರಸ್ಯಕರವಾದುದು. ವೇಗ ಇಮ್ಮಡಿಯಾದರೆ ಗಾಳಿಯೂ ಇಮ್ಮಡಿ; ಆದರೆ ಸದ್ದು ಸುಮಾರು 15 ಡೆಸಿಬೆಲ್ ಏರುತ್ತದೆ. ದೊಡ್ಡ ಫ್ಯಾನನ್ನು ನಿಧಾನವಾಗಿ ತಿರುಗಿಸುವುದೇ ಜಾಣತನ. ಯಾವ ಫ್ಯಾನೂ ಯಂತ್ರವನ್ನು ಕೋಣೆಯ ಗಾಳಿಗಿಂತ ತಂಪಾಗಿಸಲಾರದು. ಹಾಗಾಗಿ ಹಾಸನದ ತಂಪು ಇಲ್ಲಿ ಬಿಟ್ಟಿ ದೊರೆತ ಭಾಗ್ಯ. ಮಳೆ ಕಡಿಮೆಯಾದ ಚನ್ನರಾಯಪಟ್ಟಣದ ಕಡೆ ಧೂಳಿನ ಮೇಲೆ ಹೆಚ್ಚು ಕಣ್ಣಿಡಬೇಕು. ಧೂಳು ಕಟ್ಟಿದರೆ ಕಾವು ಏರುವುದು, ಕಾವು ಏರಿದರೆ ಫ್ಯಾನು ಅರಚುವುದು.

ಸ್ವರದ ಬೇಲಿ

ಒಂದು ಕಾಲಕ್ಕೆ ಕಂಪ್ಯೂಟರಿನಿಂದ ಒಳ್ಳೆಯ ದನಿ ಹೊರಡಬೇಕಾದರೆ ಬೇರೊಂದು ಕಾರ್ಡನ್ನೇ ಕೊಳ್ಳಬೇಕಾಗಿತ್ತು. ಸಿಂಗಪುರದ ಕ್ರಿಯೇಟಿವ್ ಸಂಸ್ಥೆಯ ‘ಸೌಂಡ್ ಬ್ಲಾಸ್ಟರ್’ ಬಂದದ್ದು 1989ರಲ್ಲಿ. ಇಂಟೆಲ್ ಸಂಸ್ಥೆ 1997ರಲ್ಲಿಯೂ 2004ರಲ್ಲಿಯೂ ಹೊರತಂದ ಧ್ವನಿಮಾನಗಳ ಫಲವಾಗಿ ಆ ಕೆಲಸವನ್ನು ಮದರ್‌ಬೋರ್ಡಿನ ಪುಟ್ಟ ಚಿಪ್ಪೊಂದು ವಹಿಸಿಕೊಂಡಿತು. ಅಂಕಿಗಳನ್ನು ಅಲೆಗಳನ್ನಾಗಿ ಮಾರ್ಪಡಿಸುವುದು ಅದರ ಕಾಯಕ.

ನೆರೆಹೊರೆಯ ವಿದ್ಯುತ್ತಿನ ಗದ್ದಲ ಈ ಅಲೆಗಳೊಳಗೆ ನುಸುಳಿದರೆ ಹೆಡ್‌ಫೋನಿನಲ್ಲಿ ‘ಗುಂಯ್’ ಎಂಬ ಸದ್ದು. ಅದಕ್ಕಾಗಿಯೇ ಆಟದ ಬೋರ್ಡುಗಳಲ್ಲಿ ಧ್ವನಿಯ ಭಾಗಕ್ಕೂ ಉಳಿದ ಭಾಗಕ್ಕೂ ನಡುವೆ ತಾಮ್ರವಿಲ್ಲದ ಗೆರೆಯೊಂದನ್ನು ಬಿಟ್ಟಿರುತ್ತಾರೆ, ಹೊಲಕ್ಕೆ ಬೇಲಿಯಿದ್ದಂತೆ. ಆ ಗೆರೆಯ ಮೇಲೆ ಮಿನುಗುವ ಬಣ್ಣದ ದೀಪ ಕೇವಲ ಅಲಂಕಾರ. ಅದಕ್ಕಾಗಿ ಹಣ ಸುರಿಯಬೇಕಾಗಿಲ್ಲ.

ಕಾಸು ಖರ್ಚಿಲ್ಲದ ಉಪಾಯ

ಹೊಳೆನರಸೀಪುರದಲ್ಲಾಗಲಿ ಅರಕಲಗೂಡಿನಲ್ಲಾಗಲಿ, ಹೊಸತನ್ನು ಕೊಳ್ಳುವ ಮೊದಲು ಇರುವುದನ್ನೇ ಹದಗೊಳಿಸಿ ನೋಡುವುದು ಲೇಸು. ಯಂತ್ರವನ್ನು ಆರಿಸಿ, ರೆಕ್ಕೆಗಳು ತಿರುಗದಂತೆ ಹಿಡಿದು, ಮೃದುವಾದ ಕುಂಚದಿಂದ ಧೂಳು ತೆಗೆಯಬೇಕು. ಬಯಾಸ್ ಪುಟದಲ್ಲಿ ಕಾವು ಕಡಿಮೆಯಿದ್ದಾಗ ಫ್ಯಾನು ಮೆಲ್ಲಗೆ ತಿರುಗುವಂತೆ ಗೊತ್ತುಮಾಡಬೇಕು. ಹೆಡ್‌ಫೋನಿನಲ್ಲಿ ಗುಂಯ್‌ಗುಟ್ಟಿದರೆ ಮುಂದಿನ ತೂತನ್ನು ಬಿಟ್ಟು ಹಿಂಬದಿಯದಕ್ಕೆ ಸಿಕ್ಕಿಸಿ ನೋಡಬೇಕು. ಪೆಟ್ಟಿಗೆಯೊಳಗಿನ ಉದ್ದ ತಂತಿಯ ಕಾಟ ಅಲ್ಲಿಲ್ಲ.

ಇಷ್ಟಾದರೆ ಮೊಮ್ಮಗನಿಗೆ ಆಟದೊಳಗಿನ ಹೆಜ್ಜೆಯ ಸಪ್ಪಳ ಸ್ಪಷ್ಟ. ತಾತನಿಗೆ ಸೊಗಸಾದ ನಿದ್ದೆ.