ನಿಂತ ಕಾರಿನ ಬ್ರೇಕು

ಮಳೆಗಾಲದಲ್ಲಿ ಚಿಂಚೋಳಿ ತಾಲ್ಲೂಕಿನ ಐನಾಪುರದಂತಹ ಊರಿನಲ್ಲಿ ಎಂಟು ಹತ್ತು ದಿನ ಅಂಗಳದಲ್ಲಿಯೇ ನಿಂತ ಕಾರನ್ನು ಒಂದು ಬೆಳಿಗ್ಗೆ ಹೊರಡಿಸುತ್ತೇವೆ ಎನ್ನಿ. ಬ್ರೇಕು ಎಂದಿನಂತೆ ಹಿಡಿಯುವುದಿಲ್ಲ. "ನಿಂತ ಗಾಡಿ, ಒಂದು ಹರದಾರಿ ಓಡಿದರೆ ಸರಿಹೋಗುತ್ತದೆ" ಎಂದು ಪಕ್ಕದವರು ಧೈರ್ಯ ಹೇಳುತ್ತಾರೆ. ಈ ಮಾತು ಒಮ್ಮೊಮ್ಮೆ ನಿಜ. ಒಮ್ಮೊಮ್ಮೆ ಪ್ರಾಣಕ್ಕೇ ಎರವಾಗುವಂಥದು. ಯಾವಾಗ ನಂಬಬೇಕು, ಯಾವಾಗ ನಂಬಬಾರದು ಎಂಬುದನ್ನು ಗಾಡಿ ಹೊರಡುವ ಮೊದಲೇ ಬಹುಮಟ್ಟಿಗೆ ತಿಳಿಯಬಹುದು.

ದ್ರವದ ಮೇಲೆ ಒಂದೆಡೆ ಹಾಕಿದ ಒತ್ತಡ ಎಲ್ಲ ಕಡೆಗೂ ಸಮನಾಗಿ ಹರಡುತ್ತದೆಂದು ಹದಿನೇಳನೆಯ ಶತಮಾನದ ಫ್ರೆಂಚ್ ವಿಜ್ಞಾನಿ ಪಾಸ್ಕಲ್ ತೋರಿಸಿಕೊಟ್ಟನು. ಕಾರಿನ ಬ್ರೇಕು ನಿಂತಿರುವುದು ಈ ತತ್ತ್ವದ ಮೇಲೆಯೇ. ಪೆಡಲನ್ನು ಒತ್ತಿದಾಗ ಮಾಸ್ಟರ್ ಸಿಲಿಂಡರಿನಲ್ಲಿರುವ ಬ್ರೇಕ್ ಆಯಿಲು ಆ ಒತ್ತಡವನ್ನು ನಾಲ್ಕು ಚಕ್ರಗಳಿಗೂ ಒಯ್ಯುತ್ತದೆ. ಕಾಲಿನ ಬಲವನ್ನು ಹೆಚ್ಚಿಸಲು ಎಂಜಿನ್ನಿನ ನಿರ್ವಾತವನ್ನು ಬಳಸುವ ಬೂಸ್ಟರ್ ಇರುತ್ತದೆ. ಆದುದರಿಂದ ದೋಷ ಎಲ್ಲಿದೆ ಎಂಬುದರ ಮೊದಲ ಸುಳಿವು ದೊರೆಯುವುದು ಪಾದಕ್ಕೆ.

ಚಕ್ರಗಳಿಗೆ ಕಲ್ಲು ಕೊಟ್ಟು, ಎಂಜಿನ್ ನಿಂತಿರುವಾಗಲೇ ಪೆಡಲನ್ನು ನಾಲ್ಕೈದು ಸಲ ಒತ್ತಬೇಕು. ಅದು ಬಿಗಿಯಾಗುವುದು ಸಹಜ. ಹಾಗೆಯೇ ಒತ್ತಿ ಹಿಡಿದು ಎಂಜಿನ್ನನ್ನು ಚಾಲೂ ಮಾಡಿದರೆ ಪೆಡಲು ತುಸು ಕೆಳಗಿಳಿಯಬೇಕು. ಇಳಿಯದೆ ಕಲ್ಲಿನಂತೆ ನಿಂತರೆ ದೋಷ ಬೂಸ್ಟರಿನಲ್ಲೋ ಅದರ ಕೊಳವೆಯಲ್ಲೋ ಇದೆ.

ಪೆಡಲು ಸ್ಪಂಜಿನಂತೆ ಮೆತ್ತಗಿದ್ದು, ಮತ್ತೆ ಮತ್ತೆ ಒತ್ತಿದಾಗ ಮೇಲೇರಿದರೆ ಕೊಳವೆಗಳಲ್ಲಿ ಗಾಳಿ ಸೇರಿರಬಹುದು. ಇನ್ನು ಒಂದೇ ಸಮನೆ ಒತ್ತಿ ಹಿಡಿದಾಗ ಅದು ಮೆಲ್ಲಮೆಲ್ಲನೆ ತಳಕ್ಕಿಳಿಯುತ್ತ ಹೋದರೆ, ಎಲ್ಲಿಯೋ ಆಯಿಲು ಸೋರುತ್ತಿದೆ, ಇಲ್ಲವೆ ಮಾಸ್ಟರ್ ಸಿಲಿಂಡರಿನ ಒಳಗಿನ ರಬ್ಬರು ಸವೆದಿದೆ ಎಂದು ತಿಳಿಯಬೇಕು. ಚಕ್ರಗಳ ಒಳಬದಿಯಲ್ಲಿ ಪಸೆ ಕಂಡೀತು; ಆಯಿಲಿನ ಡಬ್ಬಿಯ ಮಟ್ಟ ಇಳಿದಿದ್ದೀತು. ಸೋರಿಕೆ ಒಳಗೇ ಇದ್ದರೆ ಈ ಎರಡೂ ಕಾಣುವುದಿಲ್ಲ. ಇವು ಓಡಿಸಿದರೆ ವಾಸಿಯಾಗುವ ರೋಗಗಳಲ್ಲ.

ಪೆಡಲು ಎಂದಿನಂತೆ ಗಟ್ಟಿಯಾಗಿದ್ದು, ಮೊದಲ ಕೆಲವು ಹಿಡಿತಗಳಲ್ಲಿ ಮಾತ್ರ ಕರಕರ ಸದ್ದು ಬಂದರೆ ಅದು ಎರಕದ ಕಬ್ಬಿಣದ ಡಿಸ್ಕಿನ ಮೇಲೆ ತೇವದಿಂದ ಮೂಡಿದ ತೆಳುವಾದ ತುಕ್ಕು. ಜನರಿಲ್ಲದ ಸಮತಟ್ಟಾದ ದಾರಿಯಲ್ಲಿ ನಿಧಾನವಾಗಿ ಐದಾರು ಸಲ ಬ್ರೇಕು ಹಾಕಿದರೆ ಉಜ್ಜಿಹೋಗುತ್ತದೆ. ಪಕ್ಕದವರ ಮಾತು ನಿಜವಾಗುವುದು ಇಲ್ಲಿ ಮಾತ್ರ.

ಕಣ್ಣಿಗೆ ಕಾಣದ ಇನ್ನೊಂದು ದೋಷವಿದೆ. ಬ್ರೇಕ್ ಆಯಿಲು ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಡಾಟ್ 3 ಎಂಬ ದರ್ಜೆಯ ಹೊಸ ಆಯಿಲು 205 ಡಿಗ್ರಿ ಸೆಲ್ಸಿಯಸ್‌ವರೆಗೂ ಕುದಿಯಬಾರದೆಂಬುದು ನಿಯಮ, ಶೇಕಡಾ 3.7ರಷ್ಟು ನೀರು ಸೇರಿದರೆ ಈ ಮಿತಿ 140ಕ್ಕೆ ಇಳಿಯುತ್ತದೆ. ಅಂಗಳದಲ್ಲಿ ಸರಿಯಾಗಿಯೇ ಕಂಡ ಬ್ರೇಕು ಕುಂಚಾವರಂ ಗುಡ್ಡಗಳ ಇಳಿಜಾರಿನಲ್ಲಿ ಕಾದಾಗ, ಆಯಿಲು ಕುದಿದು ಆವಿಯಾಗಿ, ಪೆಡಲು ಪೊಳ್ಳಾಗಬಹುದು. ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಆಯಿಲನ್ನು ಬದಲಿಸಬೇಕೆನ್ನುವುದು ಇದಕ್ಕಾಗಿಯೇ.

ಬಹುದಿನ ನಿಲ್ಲಿಸುವಾಗ ಹ್ಯಾಂಡ್ ಬ್ರೇಕು ತುಕ್ಕಿಗೆ ಅಂಟಿಕೊಳ್ಳುವುದುಂಟು. ಸಮನೆಲದಲ್ಲಿ ನಿಲ್ಲಿಸಿ, ಗೇರಿನಲ್ಲಿಟ್ಟು, ಚಕ್ರದ ಹಿಂದೆ ಮುಂದೆ ಕಲ್ಲು ಕೊಡುವುದು ಮೇಲು. ಎತ್ತಿನ ಬಂಡಿಗೆ ನಮ್ಮ ಹಿರಿಯರು ಮಾಡುತ್ತಿದ್ದುದೂ ಇದನ್ನೇ. ಪೆಡಲು ತಳಕ್ಕಿಳಿಯುವ ಕಾರನ್ನು ಮಾತ್ರ ಮೆಕ್ಯಾನಿಕ್ಕನ ಬಳಿಗೆ ಓಡಿಸಿಕೊಂಡು ಹೋಗಬಾರದು. ಅವನನ್ನೇ ಕಾರಿದ್ದಲ್ಲಿಗೆ ಕರೆಸಬೇಕು.