ಚಲಚ್ಚಿತ್ರಗಳಲ್ಲಿ ಭಯಾನಕರಸ: ಜಪಾನೀ ಮತ್ತು ಪಾಶ್ಚಾತ್ಯ ಪದ್ಧತಿಗಳು

ಭರತಮುನಿಯು ನಾಟ್ಯಶಾಸ್ತ್ರದ ಆರನೆಯ ಅಧ್ಯಾಯದಲ್ಲಿ ಭಯಾನಕರಸವನ್ನು ನಿರೂಪಿಸುವಾಗ ಅದಕ್ಕೆ ಮೂರು ಪ್ರಭೇದಗಳನ್ನು ಹೇಳಿರುವನು: ವ್ಯಾಜದಿಂದ ಹುಟ್ಟುವುದು, ಅಪರಾಧದಿಂದ ಹುಟ್ಟುವುದು, ವಿತ್ರಾಸಿತಕ. ಮೊದಲನೆಯದು ಕೃತಕವಾದ ಭಯ. ಕೊನೆಯದಕ್ಕೆ ವ್ಯಾಖ್ಯಾನಭೇದಗಳುಂಟು, ಹೊರಗಿನ ವಸ್ತುವೊಂದು ಹೆದರಿಸಿದುದರಿಂದ ಉಂಟಾಗುವ ಭಯವೆಂಬ ಅರ್ಥವನ್ನು ಇಲ್ಲಿ ಗ್ರಹಿಸಲಾಗಿದೆ. ನಡುವಣದು ತಾನೇ ತಪ್ಪಿ ನಡೆದವನ ಭಯ. ಪಾಠಶಾಲೆಗಳಲ್ಲಿ ಈ ನಡುವಣ ಪ್ರಭೇದಕ್ಕೆ ಹೆಚ್ಚಿನ ಗಮನವು ಸಲ್ಲುವುದಿಲ್ಲ. ಅದಕ್ಕೆ ಕಾರಣವೂ ಉಂಟು. ಕಾವ್ಯಪ್ರಕಾಶಕಾರನು ಭಯಾನಕಕ್ಕೆ ಉದಾಹರಣೆಯಾಗಿ ಎತ್ತಿಕೊಂಡಿರುವುದು ಶಾಕುಂತಲದ ಮೊದಲನೆಯ ಅಂಕದಲ್ಲಿ ದುಷ್ಯಂತನ ರಥಕ್ಕೆ ಬೆದರಿ ಓಡುವ ಜಿಂಕೆಯನ್ನು. ಆ ಜಿಂಕೆಯು ಯಾರಿಗೂ ಯಾವ ಅಪರಾಧವನ್ನೂ ಮಾಡಿದುದಲ್ಲ. ಬಾಣವು ಹೊರಗಿನಿಂದ ಬರುತ್ತಿದೆ, ಅಷ್ಟೆ. ಈ ಒಂದು ಉದಾಹರಣೆಯನ್ನು ತಲೆಮಾರುಗಳಿಂದ ಓದಿಕೊಂಡು ಬಂದವರಿಗೆ ಭಯವೆಂದರೆ ಜಿಂಕೆಯ ಭಯವೇ ಎಂದು ತೋರುವುದು ಸಹಜ.

ಅಪರಾಧಜ ಭಯದ ವಿಸ್ತಾರವಾದ ಉದಾಹರಣೆಗಳನ್ನು ಹುಡುಕುವವರು ಜಪಾನಿನ ಚಲಚ್ಚಿತ್ರಗಳ ಕಡೆಗೆ ನೋಡಬಹುದು. ಪಾಶ್ಚಾತ್ಯರ ಭಯಾನಕಚಿತ್ರಗಳೊಡನೆ ಅವುಗಳನ್ನು ಹೋಲಿಸಿದರೆ ಭರತನ ವಿಭಾಗವು ಎಷ್ಟು ಸಾರ್ಥಕವಾದುದೆಂಬುದು ತಿಳಿದುಬರುವುದು. ಏಷ್ಯಾಖಂಡದ ಎಲ್ಲ ದೇಶಗಳನ್ನೂ ಒಂದೇ ಹೆಸರಿನಲ್ಲಿ ಕಟ್ಟಿಹಾಕುವುದು ಸಾಧುವಲ್ಲವಾದುದರಿಂದ ಇಲ್ಲಿನ ವಿಚಾರವು ಮುಖ್ಯವಾಗಿ ಜಪಾನಿಗೆ ಸೀಮಿತವಾಗಿದೆ.

ಒಂದೇ ಕಥೆಯನ್ನು ಎರಡು ದೇಶದವರೂ ಚಿತ್ರವಾಗಿ ತೆಗೆದಿರುವ ಸಂದರ್ಭವೊಂದು ಪರೀಕ್ಷೆಗೆ ಅನುಕೂಲವಾಗಿದೆ. ಕೋಜಿ ಸುಜುಕಿಯು 1991ರಲ್ಲಿ ಬರೆದ ಕಾದಂಬರಿಯನ್ನು ಆಧರಿಸಿ ಹಿಡಿಯೊ ನಕಾಟನು 1998ರಲ್ಲಿ ‘ರಿಂಗು’ ಎಂಬ ಚಿತ್ರವನ್ನು ನಿರ್ದೇಶಿಸಿದನು. ಅದನ್ನೇ ಗೋರ್ ವರ್ಬಿನ್ಸ್ಕಿಯು 2002ರಲ್ಲಿ ಅಮೆರಿಕಾದಲ್ಲಿ ‘ದಿ ರಿಂಗ್’ ಎಂದು ಮರಳಿ ತೆಗೆದನು. ಕಥೆಯ ಬೀಜವು ಎರಡರಲ್ಲಿಯೂ ಒಂದೇ. ಒಂದು ವಿಡಿಯೋ ಟೇಪನ್ನು ನೋಡಿದವರು ಏಳನೆಯ ದಿನ ಸಾಯುವರು. ಪತ್ರಕರ್ತೆಯೊಬ್ಬಳು ಇದರ ಮೂಲವನ್ನು ಹುಡುಕುತ್ತ ತಾನೂ ಟೇಪನ್ನು ನೋಡುವಳು. ಅವಳ ಮಗುವೂ ನೋಡುವುದು. ಬಾವಿಯೊಂದರಲ್ಲಿ ತಳ್ಳಲ್ಪಟ್ಟು ಸತ್ತ ಹುಡುಗಿಯ ಅಸ್ಥಿಯು ದೊರೆಯುವುದು. ಶಾಪವು ತೀರಿತೆಂದು ಎಲ್ಲರೂ ನಿಟ್ಟುಸಿರುಬಿಡುವಷ್ಟರಲ್ಲಿ, ಮಗುವಿನ ತಂದೆಯು ತನ್ನ ಮನೆಯ ಟೆಲಿವಿಷನ್ನಿನಿಂದ ಹೊರಬಂದ ಪ್ರೇತವನ್ನು ಕಂಡು ಸಾಯುವನು. ತಾಯಿಯು ಬದುಕಿದುದು ಅಸ್ಥಿಯನ್ನು ತೆಗೆದುದರಿಂದಲ್ಲ, ಟೇಪಿನ ಪ್ರತಿಯನ್ನು ಮಾಡಿ ಇನ್ನೊಬ್ಬನಿಗೆ ತೋರಿಸಿದುದರಿಂದ ಎಂಬುದು ಆಗ ಅವಳಿಗೆ ಹೊಳೆಯುವುದು.

ಆ ಹುಡುಗಿಯು ಯಾರು, ಅವಳ ಕೋಪವು ಏಕೆ ಶಮನವಾಗಲಿಲ್ಲ ಎಂಬ ಪ್ರಶ್ನೆಗೆ ಎರಡು ಚಿತ್ರಗಳೂ ಬೇರೆ ಬೇರೆ ಉತ್ತರವನ್ನು ಕೊಡುತ್ತವೆ. ಜಪಾನೀ ಚಿತ್ರದ ಸಡಾಕೊ ಎಂಬವಳ ತಾಯಿಯಾದ ಷಿಜುಕೊಗೆ ದಿವ್ಯದೃಷ್ಟಿಯಿತ್ತು. ವಿದ್ವಾಂಸನೊಬ್ಬನು ಆಕೆಯನ್ನು ಸಭೆಗೆ ಕರೆತಂದು ಪರೀಕ್ಷೆಗೊಡ್ಡಿದಾಗ ಪತ್ರಕರ್ತರು ಮೋಸಗಾತಿಯೆಂದು ಕೂಗಿ ಅವಮಾನಪಡಿಸಿದರು. ಮಗಳ ಸಿಟ್ಟಿನ ದೃಷ್ಟಿಗೆ ಸಿಕ್ಕಿ ಅವರಲ್ಲೊಬ್ಬನು ಅಲ್ಲಿಯೇ ಸತ್ತನು. ತಾಯಿಯು ಮಿಹಾರ ಎಂಬ ಅಗ್ನಿಪರ್ವತಕ್ಕೆ ಹಾರಿ ಪ್ರಾಣಬಿಟ್ಟಳು, ಮಗಳನ್ನು ಆ ವಿದ್ವಾಂಸನೇ ಬಾವಿಗೆ ತಳ್ಳಿದನು. ಈ ಕಲ್ಪನೆಯ ಹಿಂದೆ ನಿಜವಾದ ಘಟನೆಯೊಂದರ ನೆರಳಿದೆ. ಮಿಫುನೆ ಚಿಜುಕೊ ಎಂಬ ಯುವತಿಯನ್ನು ಮನಶ್ಶಾಸ್ತ್ರಜ್ಞನಾದ ಫುಕುರೈ ತೊಮೊಕಿಚಿಯು 1910ರಲ್ಲಿ ಟೋಕಿಯೋದ ವಿದ್ವಾಂಸರ ಮುಂದೆ ಪರೀಕ್ಷಿಸಿದನು. ಸಂದೇಹ, ನಿಂದೆಗಳು ಎದ್ದುವು. 1911ರಲ್ಲಿ ಆಕೆಯು ವಿಷವನ್ನು ಕುಡಿದು ಸತ್ತಳು. ಚಿತ್ರದ ನಾಯಿಕೆಯೂ ಟೆಲಿವಿಷನ್ನಿನ ಪತ್ರಕರ್ತೆಯೇ ಎಂಬುದನ್ನೂ, ಪ್ರೇತವು ಸಂಚರಿಸುವ ಮಾರ್ಗವು ಟೆಲಿವಿಷನ್ನಿನ ಪರದೆಯೇ ಎಂಬುದನ್ನೂ ಗಮನಿಸಬೇಕು. ಚಿತ್ರವು ಇದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಆದರೂ ಅಪರಾಧವು ಕೊಂದವನೊಬ್ಬನದೇ ಅಲ್ಲ, ನೋಡಿ ನಕ್ಕ ಗುಂಪಿನದೂ ಅಹುದು ಎಂಬ ಭಾವವು ಸಹೃದಯನಿಗೆ ವ್ಯಂಗ್ಯವಾಗಿ ಹೊಳೆಯದೆ ಇರದು. ಒಬ್ಬಳು ಅಸ್ಥಿಯನ್ನು ಅಪ್ಪಿಕೊಂಡು ಅತ್ತಮಾತ್ರಕ್ಕೆ ಅಷ್ಟು ಜನರ ಋಣವು ತೀರುವುದೆ?

ಅಮೆರಿಕಾದ ಚಿತ್ರದಲ್ಲಿ ಸಭೆಯೂ ಇಲ್ಲ, ಅವಮಾನವೂ ಇಲ್ಲ. ಸಮಾರಾ ಎಂಬ ಹುಡುಗಿಯು ಕುದುರೆಗಳನ್ನು ಸಾಕುವ ದಂಪತಿಗಳ ದತ್ತುಮಗಳು. ಅವಳು ಬಂದ ತರುವಾಯ ಕುದುರೆಗಳು ಕಡಲಿಗೆ ಹಾರಿ ಸಾಯುವುವು, ತಾಯಿಯ ಚಿತ್ತವು ಕೆಡುವುದು. ಚಿಕಿತ್ಸಾಲಯದಲ್ಲಿ ವೈದ್ಯನು ವಿಚಾರಿಸಿದಾಗ ಇತರರನ್ನು ನೋಯಿಸಬೇಕೆಂಬ ಇಚ್ಛೆಯು ತನಗೆ ಇದೆಯೆಂದೂ ಅದು ನಿಲ್ಲದೆಂದೂ ಅವಳೇ ಒಪ್ಪಿಕೊಳ್ಳುವಳು. ಬೇಸತ್ತ ತಾಯಿಯು ಅವಳನ್ನು ಬಾವಿಗೆ ನೂಕುವಳು. ಬಾವಿಯಿಂದ ಶವವನ್ನು ತೆಗೆದುದನ್ನು ಕೇಳಿದ ನಾಯಿಕೆಯ ಮಗನು ಆ ಹುಡುಗಿಗೆ ಸಹಾಯಮಾಡಬಾರದಾಗಿತ್ತೆಂದು ಗಾಬರಿಗೊಳ್ಳುವನು. ಇಲ್ಲಿ ಶಾಂತಿಯು ಫಲಿಸದಿರುವುದಕ್ಕೆ ಕಾರಣವು ಪ್ರೇತದ ಸ್ವಭಾವ. ಅಲ್ಲಿ ಕಾರಣವು ಬದುಕಿರುವವರ ನಡತೆ. ಘಟನೆಯು ಒಂದೇ ಆದರೂ ಪ್ರೇಕ್ಷಕನು ಅಲ್ಲಿ ಅಪರಾಧಿಗಳ ಪಂಕ್ತಿಯಲ್ಲಿ ಕೂರುವನು, ಇಲ್ಲಿ ಜಿಂಕೆಯ ಪಕ್ಕದಲ್ಲಿ ನಿಲ್ಲುವನು.

ಈ ಭೇದವು ನಿರ್ದೇಶಕರಿಬ್ಬರ ರುಚಿಭೇದವಲ್ಲ. ಜಪಾನಿನಲ್ಲಿ ಅನ್ಯಾಯವಾಗಿ ಸತ್ತವರ ಆತ್ಮಗಳಿಗೆ ಶಾಂತಿಯನ್ನು ಮಾಡುವ ಪದ್ಧತಿಯು ಬಹು ಪ್ರಾಚೀನವಾದುದು. 863ರಲ್ಲಿ ರಾಜಾಜ್ಞೆಯಿಂದಲೇ ಇಂತಹ ಶಾಂತಿಕರ್ಮವು ಕ್ಯೋತೋ ನಗರದಲ್ಲಿ ನಡೆಯಿತು. ಸುಗವಾರ ನೊ ಮಿಚಿಜಾನೆ ಎಂಬ ವಿದ್ವತ್ಕವಿಯ ವೃತ್ತಾಂತವು ಇನ್ನೂ ಪ್ರಸಿದ್ಧ. ಮಂತ್ರಿಪದವಿಯಲ್ಲಿದ್ದ ಅವನು ವೈರಿಗಳ ಪಿತೂರಿಯಿಂದ ದಜೈಫುವಿಗೆ ಗಡಿಪಾರಾಗಿ 903ರಲ್ಲಿ ಅಲ್ಲಿಯೇ ಮೃತನಾದನು. ತರುವಾಯ ವೈರಿಗಳು ಒಬ್ಬೊಬ್ಬರಾಗಿ ಸತ್ತರು; 930ರಲ್ಲಿ ಅರಮನೆಗೇ ಸಿಡಿಲು ಬಡಿಯಿತು. ಇದೆಲ್ಲವೂ ಅವನ ಕೋಪದ ಫಲವೆಂದು ನಂಬಿ ಕಳೆದುಹೋದ ಪದವಿಯನ್ನು ಹಿಂದಿರುಗಿಸಿದರು, ಕಿತಾನೊ ಎಂಬಲ್ಲಿ ದೇವಾಲಯವನ್ನು ಕಟ್ಟಿದರು. ಇಂದು ಅವನು ವಿದ್ಯಾಧಿದೇವತೆ. ಪರೀಕ್ಷೆಗೆ ಹೋಗುವ ವಿದ್ಯಾರ್ಥಿಗಳು ಅವನಿಗೆ ಹರಕೆ ಹೊರುವರು. ಅನ್ಯಾಯಕ್ಕೊಳಗಾದವನು ಪೀಡಿಸುವ ಪ್ರೇತವಾಗಿ, ಆ ಪ್ರೇತವೇ ಪೂಜೆಗೊಳ್ಳುವ ದೇವತೆಯಾಗುವ ಈ ಕ್ರಮವು ತುಳುನಾಡಿನವರಿಗೆ ಅಪರಿಚಿತವಲ್ಲ. ಗೊಮ್ಮಟನನ್ನು ಕಡೆದ ಶಿಲ್ಪಿಯ ಒಂದು ಕೈಯನ್ನೂ ಒಂದು ಕಾಲನ್ನೂ ಕಾರ್ಕಳದ ಅರಸನು ಕಡಿಸಿದನೆಂದೂ, ಆ ಕಲ್ಕುಡನೂ ಅವನ ತಂಗಿ ಕಲ್ಲುರ್ಟಿಯೂ ಭೂತಗಳಾಗಿ ಅರಸನನ್ನು ಕಾಡಿದರೆಂದೂ ಪಾಡ್ದನಗಳು ಹೇಳುತ್ತವೆ.

ರಂಗಭೂಮಿಯಲ್ಲಿಯೂ ಇದೇ ಸಂಸ್ಕಾರವು ಮುಂದುವರಿದಿದೆ. ಹದಿನಾಲ್ಕು ಹದಿನೈದನೆಯ ಶತಮಾನಗಳಲ್ಲಿದ್ದ ಜೆಯಾಮಿಯು ಪರಿಷ್ಕರಿಸಿದ ನೋಹ್ ನಾಟಕಗಳಲ್ಲಿ ಒಂದು ಜಾತಿಯವುಗಳಿಗೆ ಪ್ರೇತವೇ ನಾಯಕ. ಸಂಚಾರಿಯಾದ ಭಿಕ್ಷುವೊಬ್ಬನು ಒಂದು ಸ್ಥಳಕ್ಕೆ ಬರುವನು. ಅಲ್ಲಿ ಕಂಡ ಸಾಮಾನ್ಯ ಮನುಷ್ಯನು ಆ ಸ್ಥಳದ ಕಥೆಯನ್ನು ಹೇಳಿ ಮರೆಯಾಗುವನು. ಉತ್ತರಾರ್ಧದಲ್ಲಿ ಅವನೇ ತನ್ನ ಪ್ರೇತರೂಪದಿಂದ ಬಂದು ಸತ್ತ ಬಗೆಯನ್ನು ನರ್ತಿಸಿ ತೋರಿಸಿ ತನಗಾಗಿ ಪ್ರಾರ್ಥಿಸೆಂದು ಬೇಡುವನು. ಭಿಕ್ಷುವಿಗೆ ಕೇಳುವುದೇ ಕೆಲಸ. ಅವನು ಮಂತ್ರವಾದಿಯಂತೆ ದಂಡವನ್ನೆತ್ತುವುದು ಅಪರೂಪ. 1825ರಲ್ಲಿ ನಾಲ್ಕನೆಯ ತ್ಸುರುಯ ನನ್ಬೊಕುವು ಬರೆದ ಯೊತ್ಸುಯದ ಪ್ರೇತಕಥೆಯೆಂಬ ಕಬುಕಿ ನಾಟಕದಲ್ಲಿ ಈ ಪ್ರೇತವು ಹೆಂಗಸಿನ ರೂಪವನ್ನು ಪಡೆದು ಭಯಂಕರವಾಯಿತು. ವಿಷದಿಂದ ಮುಖವು ವಿಕಾರವಾದ ಓಯಿವಾ ತಲೆಯನ್ನು ಬಾಚಿಕೊಳ್ಳುವಾಗ ಕೂದಲು ಹಿಡಿಹಿಡಿಯಾಗಿ ಕಿತ್ತು ಬೀಳುವ ಸನ್ನಿವೇಶವು ಪ್ರಸಿದ್ಧವಾದುದು. ಅವಳನ್ನು ವಂಚಿಸಿದವನು ಗಂಡನಾದ ಇಯೆಮೊನ್. ಈ ನಾಟಕವನ್ನು ಆಡುವ ಮೊದಲು ನಟರು ಯೊತ್ಸುಯದಲ್ಲಿರುವ ಓಯಿವಾಳ ಗುಡಿಗೆ ಹೋಗಿ ಅಪ್ಪಣೆ ಬೇಡುವ ವಾಡಿಕೆಯು ಉಂಟು. ಬಿಳಿಯ ಶವವಸ್ತ್ರ, ಕಟ್ಟದೆ ಬಿಟ್ಟ ಕರಿಯ ಕೂದಲು: ಸಡಾಕೊಳ ವೇಷವು ಈ ಪರಂಪರೆಯಿಂದಲೇ ಬಂದುದು.

ಇನ್ನು ಪಾಶ್ಚಾತ್ಯರ ವಿಚಾರ. ಅವರಲ್ಲಿಯೂ ಒಂದು ಕಾಲಕ್ಕೆ ಪ್ರೇತಗಳು ಪ್ರಾರ್ಥನೆಯನ್ನು ಬೇಡಿಕೊಂಡು ಬರುತ್ತಿದ್ದುವು. ಸತ್ತವರು ಸ್ವರ್ಗಕ್ಕೆ ಹೋಗುವ ಮೊದಲು ಪಾಪವನ್ನು ಸುಟ್ಟುಕೊಳ್ಳುವ ಶೋಧನಲೋಕವೊಂದು ಉಂಟೆಂದೂ, ಬದುಕಿರುವವರ ಪ್ರಾರ್ಥನೆಯು ಅಲ್ಲಿಗೆ ಮುಟ್ಟುವುದೆಂದೂ ರೋಮಿನ ಸಂಪ್ರದಾಯದವರು ನಂಬುವರು. ಹದಿನಾರನೆಯ ಶತಮಾನದ ಧರ್ಮಸುಧಾರಕರು ಇದನ್ನು ನಿರಾಕರಿಸಿದರು; 1571ರಲ್ಲಿ ಅಂತಿಮರೂಪವನ್ನು ತಾಳಿದ ಇಂಗ್ಲೆಂಡಿನ ಚರ್ಚಿನ 39 ವಿಧಿಗಳಲ್ಲಿ 22ನೆಯದು ಈ ಲೋಕದ ನಂಬಿಕೆಯನ್ನು ಸ್ಪಷ್ಟವಾಗಿ ತಳ್ಳಿಹಾಕಿದೆ. ಸತ್ತವರು ನಿಲ್ಲುವುದಕ್ಕೆ ನಡುವಣ ಸ್ಥಳವೇ ಇಲ್ಲವಾದ ಮೇಲೆ ಕಣ್ಣಿಗೆ ಕಂಡ ಪ್ರೇತವು ಯಾರು? ಜೂರಿಕ್ಕಿನ ಲಾವಾಟರನು 1569ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇಂತಹ ದರ್ಶನಗಳು ಸತ್ತವರ ಆತ್ಮಗಳಲ್ಲವೆಂದೂ, ಭ್ರಮೆಯಲ್ಲದವು ಬಹುಮಟ್ಟಿಗೆ ಸೈತಾನನ ಮಾಯೆಯೆಂದೂ ವಾದಿಸಿದನು. ಹ್ಯಾಮ್ಲೆಟ್ ನಾಟಕವನ್ನು ಕಲಿಸುವ ಅಧ್ಯಾಪಕರಿಗೆ ಈ ಸಂಗತಿಯು ಉಪಯುಕ್ತ. ತಂದೆಯ ಪ್ರೇತವು ತಾನು ಶೋಧನಾಗ್ನಿಯಿಂದ ಬಂದೆನೆಂದು ಸೂಚಿಸುವುದು, ಮಗನು ಅದು ಸೈತಾನನಿರಬಹುದೆ ಎಂದು ಶಂಕಿಸುವನು. ನಾಟಕದ ಅರ್ಧಭಾಗವು ಈ ಸಂದೇಹದ ಮೇಲೆಯೇ ನಿಂತಿದೆ. ಪ್ರೇತಕ್ಕೆ ತರ್ಪಣವನ್ನು ಕೊಡಬಹುದು. ಸೈತಾನನಿಗೆ ಉಚ್ಚಾಟನೆಯೊಂದೇ ದಾರಿ.

ಪಾಶ್ಚಾತ್ಯ ಚಿತ್ರಗಳು ಬಹುಮಟ್ಟಿಗೆ ಈ ಉಚ್ಚಾಟನೆಯ ದಾರಿಯನ್ನೇ ಹಿಡಿದಿವೆ. 1931ರ ‘ಡ್ರಾಕುಲಾ’ದಲ್ಲಿ ರಕ್ತಪಿಶಾಚಿಯ ಎದೆಗೆ ಗೂಟವನ್ನು ಹೊಡೆದೊಡನೆ ಭಯವು ಮುಗಿಯುವುದು. 1973ರಲ್ಲಿ ವಿಲಿಯಂ ಫ್ರೀಡ್ಕಿನ್ನನು ತೆಗೆದ ‘ದಿ ಎಕ್ಸಾರ್ಸಿಸ್ಟ್’ ಇವುಗಳಲ್ಲೆಲ್ಲ ಗಂಭೀರವಾದುದು. ಹನ್ನೆರಡು ವರುಷದ ಬಾಲಿಕೆಯ ಮೈಮೇಲೆ ದುಷ್ಟಶಕ್ತಿಯು ಬರುವುದು. ಏಕೆ ಬಂದಿತೆಂಬುದಕ್ಕೆ ಅವಳ ನಡತೆಯಲ್ಲಾಗಲಿ ಅವಳ ತಾಯಿಯ ನಡತೆಯಲ್ಲಾಗಲಿ ಸಾಕಾದ ಕಾರಣವಿಲ್ಲ. ಕಾರಣವಿಲ್ಲದಿರುವುದೇ ಅಲ್ಲಿನ ಭಯದ ಮರ್ಮ. ವಾಂತಿ, ವ್ರಣ, ಅಶ್ಲೀಲವಾಕ್ಯಗಳಿಂದ ಬೀಭತ್ಸವನ್ನು ತುಂಬಿ ಅದರಿಂದ ಭಯಾನಕವನ್ನು ಎಬ್ಬಿಸಿರುವರು. ಬೀಭತ್ಸದಿಂದ ಭಯಾನಕವು ಹುಟ್ಟುವುದೆಂದು ಭರತನು ಹೇಳಿರುವ ಮಾತಿಗೆ ಇದಕ್ಕಿಂತ ನೇರವಾದ ಉದಾಹರಣೆಯು ದುರ್ಲಭ. ಕೊನೆಗೆ ಪಾದ್ರಿಯಾದ ಕಾರಸನು ಆ ಶಕ್ತಿಯನ್ನು ತನ್ನ ಮೈಗೆ ಬರಮಾಡಿಕೊಂಡು ಕಿಟಕಿಯಿಂದ ಹಾರಿ ಸಾಯುವನು. ಇದು ಧರ್ಮವೀರ. ಬಾಲಿಕೆಗೆ ಏನೊಂದೂ ನೆನಪಿರುವುದಿಲ್ಲ. ನೆನಪಿಡಬೇಕಾದ ಋಣವು ಅವಳಿಗೆ ಇರಲೂ ಇಲ್ಲ.

ಇದರ ಎದುರಿಗೆ ಥಾಯ್ಲೆಂಡಿನ 1999ರ ‘ನಾಂಗ್ ನಾಕ್’ ಚಿತ್ರವನ್ನಿಡಬಹುದು. ಗಂಡನು ಯುದ್ಧಕ್ಕೆ ಹೋಗಿದ್ದಾಗ ಹೆರಿಗೆಯಲ್ಲಿ ಸತ್ತವಳು ಅವನು ಹಿಂದಿರುಗಿದ ಮೇಲೆ ಪ್ರೇತರೂಪದಿಂದಲೇ ಸಂಸಾರಮಾಡುವಳು. ಸತ್ಯವನ್ನು ಅವನಿಗೆ ತಿಳಿಸಬಂದವರನ್ನು ಕೊಲ್ಲುವಳು. ಮಂತ್ರವಾದಿಯ ಬಲಪ್ರಯೋಗವು ವ್ಯರ್ಥವಾಗುವುದು. ಕಡೆಗೆ ವೃದ್ಧಭಿಕ್ಷುವೊಬ್ಬನು ಅವಳ ಬಳಿ ಕುಳಿತು ಉಪದೇಶಿಸಿ, ಗಂಡನಿಂದ ಬೀಳ್ಕೊಳ್ಳುವುದಕ್ಕೆ ಅವಕಾಶವನ್ನಿತ್ತು ಸಮಾಧಾನಪಡಿಸುವನು. ಬ್ಯಾಂಕಾಕಿನ ಮಹಾಬುತ್ ವಿಹಾರದಲ್ಲಿರುವ ಅವಳ ಗುಡಿಯಲ್ಲಿ ಭಕ್ತರು ಈಗಲೂ ಸೀರೆಯಂತಹ ಉಡುಪುಗಳನ್ನೂ ಮಗುವಿಗೆಂದು ಆಟದ ಸಾಮಾನುಗಳನ್ನೂ ಒಪ್ಪಿಸುವರು.

ಅಲಂಕಾರಶಾಸ್ತ್ರದ ದೃಷ್ಟಿಯಿಂದ ಇಲ್ಲಿ ಗಮನಾರ್ಹವಾದ ಅಂಶವೊಂದುಂಟು. ಸಾಹಿತ್ಯದರ್ಪಣದ ಮೂರನೆಯ ಪರಿಚ್ಛೇದದಲ್ಲಿ ವಿಶ್ವನಾಥನು ಭಯಾನಕಕ್ಕೆ ವಿರೋಧಿಗಳಾದ ರಸಗಳನ್ನು ಎಣಿಸಿರುವನು: ಶೃಂಗಾರ, ವೀರ, ರೌದ್ರ, ಹಾಸ್ಯ, ಶಾಂತ. ಈ ಪಟ್ಟಿಯಲ್ಲಿ ವೀರವುಂಟು, ಕರುಣವಿಲ್ಲ. ಪಾಶ್ಚಾತ್ಯ ಚಿತ್ರವು ಭಯಾನಕವನ್ನು ವೀರದೊಡನೆ ಕೂಡಿಸುವುದರಿಂದ ವೀರವು ಗೆದ್ದೊಡನೆ ಭಯವು ಅಳಿಯಬೇಕಾಗುವುದು; ಭಯವನ್ನು ಉಳಿಸಬೇಕಾದರೆ ಸತ್ತ ರಾಕ್ಷಸನನ್ನು ಮರಳಿ ಎಬ್ಬಿಸಿ ಎರಡನೆಯ ಭಾಗ, ಮೂರನೆಯ ಭಾಗವೆಂದು ಬೆಳೆಸುವುದೊಂದೇ ಉಪಾಯ. (ರಿಂಗುವಿನ ಮುಂದಿನ ಭಾಗಗಳನ್ನು ಜಪಾನಿನವರೂ ತೆಗೆದಿರುವರು, ಲಾಭದ ಆಸೆಗೆ ದೇಶಭೇದವಿಲ್ಲ.) ಕರುಣವು ಭಯಾನಕಕ್ಕೆ ಶತ್ರುವಲ್ಲದ ಕಾರಣ ಓಯಿವಾಳನ್ನು ಕಂಡು ಮರುಗಿದಷ್ಟೂ ಅವಳ ಭಯವು ಹೆಚ್ಚುವುದು. ಮರುಕವು ಅವಳ ದೂರನ್ನು ನ್ಯಾಯವಾದುದೆಂದು ಒಪ್ಪಿಕೊಳ್ಳುವುದಷ್ಟೆ.

ಈ ನಿಯಮಕ್ಕೆ ಅಪವಾದಗಳಿಲ್ಲದೆ ಇಲ್ಲ. 1999ರ ‘ದಿ ಸಿಕ್ಸ್ತ್ ಸೆನ್ಸ್’ ಚಿತ್ರದಲ್ಲಿ ಪ್ರೇತಗಳು ಬಾಲಕನೊಬ್ಬನ ಬಳಿಗೆ ಸಹಾಯವನ್ನು ಕೋರಿಯೇ ಬರುವುವು. ಅವುಗಳ ಮಾತನ್ನು ಕೇಳತೊಡಗಿದ ಮೇಲೆ ಅವನ ಭಯವು ಇಳಿಯುವುದು. ಅದರ ನಿರ್ದೇಶಕನಾದ ಶ್ಯಾಮಲನ್ ಮಾಹೆಯಲ್ಲಿ ಹುಟ್ಟಿದವನು. ಇದನ್ನು ಜನ್ಮಸಂಸ್ಕಾರವೆಂದುಬಿಡುವುದು ಆತುರವಾದೀತು. ಅವನು ಬೆಳೆದುದು ಅಮೆರಿಕಾದಲ್ಲಿ.

ಕಡೆಗೆ ಸಡಾಕೊಳ ಬಾವಿಯ ವಿಷಯ. ಜಪಾನೀ ಪ್ರೇಕ್ಷಕನಿಗೆ ಆ ಬಾವಿಯನ್ನು ಕಂಡೊಡನೆ ಓಕಿಕು ಎಂಬ ದಾಸಿಯ ನೆನಪಾಗುವುದು. 1741ರಿಂದ ರಂಗಭೂಮಿಯಲ್ಲಿ ಪ್ರಚಾರದಲ್ಲಿರುವ ಅವಳ ಕಥೆಯಲ್ಲಿ, ಒಡೆಯನ ಮನೆಯ ಹತ್ತು ತಟ್ಟೆಗಳಲ್ಲಿ ಒಂದು ಕಳೆದುದಕ್ಕಾಗಿ ಅವಳು ಬಾವಿಯ ಪಾಲಾಗುವಳು. ಪ್ರತಿರಾತ್ರಿಯೂ ಬಾವಿಯೊಳಗಿನಿಂದ ಒಂದು, ಎರಡು ಎಂದು ಎಣಿಸುತ್ತ ಒಂಬತ್ತಕ್ಕೆ ಬಂದು ಚೀರುವಳು. ಅಡಗಿ ಕುಳಿತಿದ್ದವನೊಬ್ಬನು ಅವಳು ಒಂಬತ್ತೆಂದ ಕ್ಷಣದಲ್ಲಿ ‘ಹತ್ತು’ ಎಂದು ಗಟ್ಟಿಯಾಗಿ ಕೂಗಿದನೆಂದೂ, ಅಂದಿನಿಂದ ಬಾವಿಯಲ್ಲಿ ಸದ್ದು ನಿಂತಿತೆಂದೂ ಆ ಕಥೆಯ ಒಂದು ಪಾಠವು ಹೇಳುತ್ತದೆ.