ಮತ್ತೆ ಅಂಕಣಕ್ಕೆ ಇಳಿಯುವ ಮುನ್ನ

ಸುಗ್ಗಿ ಮುಗಿದು ಹೊಲಗಳು ಬರಿದಾದ ಮೇಲೆ ಕಡೂರು, ತರೀಕೆರೆ, ಅಜ್ಜಂಪುರಗಳ ಸುತ್ತಿನ ಊರುಗಳಲ್ಲಿ ಹೊನಲು ಬೆಳಕಿನ ಕಬಡ್ಡಿ ಪಂದ್ಯಗಳು ನಡೆಯುತ್ತವೆ. ಊರಿನ ಮಾನ, ಗೆಳೆಯರ ಹುರುಪು, ಕ್ರೀಡಾ ಮೀಸಲಿನಲ್ಲಿ ಒಂದು ನೌಕರಿ ದೊರೆತೀತೆಂಬ ಮನೆಯವರ ಆಸೆ, ಇವೆಲ್ಲ ಅಲ್ಲಿ ಒಬ್ಬ ಹುಡುಗನ ಎರಡು ಮೊಣಕಾಲುಗಳ ಮೇಲೆ ನಿಂತಿರುತ್ತವೆ. ಆ ಮೊಣಕಾಲಿಗೆ ಪೆಟ್ಟಾದಾಗ ಏನಾಗುತ್ತದೆ, ಶಸ್ತ್ರಚಿಕಿತ್ಸೆಯಿಂದ ಎಷ್ಟನ್ನು ನಿರೀಕ್ಷಿಸಬಹುದು, ಮತ್ತೆ ಆಟಕ್ಕೆ ಇಳಿಯುವುದು ಯಾವಾಗ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಹೇಳುವುದು ನನ್ನ ಇಂದಿನ ಉದ್ದೇಶ.

ತೊಡೆಯ ಮೂಳೆಯನ್ನೂ ಕಣಕಾಲಿನ ಮೂಳೆಯನ್ನೂ ಬಿಗಿದು ಹಿಡಿಯುವ ಗಟ್ಟಿ ನಾರಿನ ಪಟ್ಟಿಗಳಿಗೆ ಲಿಗಮೆಂಟುಗಳೆಂದು ಹೆಸರು. ಅವುಗಳಲ್ಲಿ ಎರಡು ಕೀಲಿನ ನಡುವೆ ಕತ್ತರಿಯಂತೆ ಒಂದನ್ನೊಂದು ಹಾಯ್ದುಹೋಗುತ್ತವೆ. ಮುಂದಿನದು ಕೆಳಗಿನ ಮೂಳೆ ಮುಂದಕ್ಕೆ ಜಾರದಂತೆಯೂ ಕಾಲು ಮಿತಿಮೀರಿ ತಿರುಚದಂತೆಯೂ ತಡೆಯುತ್ತದೆ. ದಾಳಿಗೆ ಹೋದವನು ಪಾದ ಊರಿಕೊಂಡು ಥಟ್ಟನೆ ತಿರುಗಿದಾಗ, ಅದೇ ಕ್ಷಣದಲ್ಲಿ ಎದುರಾಳಿ ಅವನ ಹಿಮ್ಮಡಿ ಹಿಡಿದಾಗ, ಎಲ್ಲ ಸೆಳೆತವೂ ಈ ಪಟ್ಟಿಯ ಮೇಲೆ ಬೀಳುತ್ತದೆ. ಒಳಗೆ ಏನೋ ಕಿತ್ತಂತೆ ಸದ್ದಾಗುತ್ತದೆ. ಕೆಲವೇ ಗಂಟೆಗಳಲ್ಲಿ ಕೀಲಿನಲ್ಲಿ ರಕ್ತ ತುಂಬಿ ಮೊಣಕಾಲು ಊದಿಕೊಳ್ಳುತ್ತದೆ.

ನಮ್ಮ ಸೀಮೆಯಲ್ಲಿ ಇದಕ್ಕೆ 'ಉಳುಕು' ಎಂದು ಹೆಸರಿಟ್ಟು ಎಣ್ಣೆ ನೀವಿಸುವುದು ವಾಡಿಕೆ. ಎರಡು ಮೂರು ವಾರಗಳಲ್ಲಿ ಊತ ಇಳಿಯುತ್ತದೆ, ನೋವು ಕಡಿಮೆಯಾಗುತ್ತದೆ, ಹುಡುಗ ನಡೆದಾಡುತ್ತಾನೆ; ಗುಣವಾಯಿತೆಂದು ಎಲ್ಲರೂ ನಂಬುತ್ತಾರೆ. ಆದರೆ ಪೂರ್ತಿಯಾಗಿ ಹರಿದ ಈ ಲಿಗಮೆಂಟು ಸಾಮಾನ್ಯವಾಗಿ ತಾನೇ ಮೊದಲಿನಂತೆ ಕೂಡಿಕೊಳ್ಳುವುದಿಲ್ಲ. ನೇರ ನಡಿಗೆಗೆ ಅದರ ಅಗತ್ಯ ಅಷ್ಟಿಲ್ಲ, ತಿರುವಿಗೆ ಬೇಕು. ಆದ್ದರಿಂದಲೇ ಅಂಕಣಕ್ಕೆ ಮರಳಿದ ದಿನ ಮೊಣಕಾಲು ಕೈಕೊಡುತ್ತದೆ. ಹೀಗೆ ಜಾರಿದಾಗಲೆಲ್ಲ ಎರಡು ಮೂಳೆಗಳ ನಡುವೆ ಮೆತ್ತೆಯಂತಿರುವ ಅರ್ಧಚಂದ್ರಾಕಾರದ ಮೃದ್ವಸ್ಥಿ ಹರಿಯುವ ಅಪಾಯವಿದೆ. ಇಪ್ಪತ್ತರಲ್ಲಿ ಆದ ಗಾಯ ನಲವತ್ತರಲ್ಲಿ ಸವೆದ ಕೀಲಾಗಿ ಕಾಡುವುದು ಹೆಚ್ಚಾಗಿ ಈ ದಾರಿಯಿಂದ.

ಹಾಗಾದರೆ ಎಲ್ಲರಿಗೂ ಶಸ್ತ್ರಚಿಕಿತ್ಸೆ ಬೇಕೆ? ಬೇಕಿಲ್ಲ. ಸ್ವೀಡನ್ನಿನಲ್ಲಿ 121 ಮಂದಿ ತರುಣ ರೋಗಿಗಳನ್ನು ಎರಡು ಗುಂಪು ಮಾಡಿ ನಡೆಸಿದ ಪರೀಕ್ಷೆಯೊಂದರ ಫಲಿತಾಂಶ 2010ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ಬೇಗನೆ ಶಸ್ತ್ರಚಿಕಿತ್ಸೆ. ಇನ್ನೊಂದಕ್ಕೆ ಮೊದಲು ವ್ಯಾಯಾಮ, ಅಗತ್ಯ ಬಿದ್ದರೆ ಮಾತ್ರ ಶಸ್ತ್ರಚಿಕಿತ್ಸೆ. ಎರಡು ವರ್ಷಗಳ ಬಳಿಕ ಎರಡೂ ಗುಂಪಿನವರ ಮೊಣಕಾಲುಗಳ ಸ್ಥಿತಿಯಲ್ಲಿ ಹೇಳಿಕೊಳ್ಳುವಂಥ ಅಂತರವಿರಲಿಲ್ಲ. ಐದು ವರ್ಷಗಳಾಗುವಷ್ಟರಲ್ಲಿ ಎರಡನೆಯ ಗುಂಪಿನ ಸುಮಾರು ಅರ್ಧದಷ್ಟು ಜನ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದರು. ಉಳಿದರ್ಧ ಮಂದಿಗೆ ಅದು ಬೇಕಾಗಲೇ ಇಲ್ಲ. ಆದರೂ ಕಬಡ್ಡಿ, ಖೊಖೊ, ಫುಟ್‌ಬಾಲಿನಂಥ ತಿರುವಿನ ಆಟಗಳಿಗೆ ಮರಳಲೇಬೇಕೆನ್ನುವವರಿಗೆ, ಪದೇಪದೇ ಕಾಲು ಜಾರುವವರಿಗೆ, ಮೃದ್ವಸ್ಥಿ ಸಿಕ್ಕಿಕೊಂಡು ಮೊಣಕಾಲು ನೆಟ್ಟಗಾಗದವರಿಗೆ ಶಸ್ತ್ರಚಿಕಿತ್ಸೆಯೇ ಸೂಕ್ತವೆಂದು ವೈದ್ಯರು ಸಾಮಾನ್ಯವಾಗಿ ಹೇಳುತ್ತಾರೆ.

ಈ ಶಸ್ತ್ರಚಿಕಿತ್ಸೆಯಲ್ಲಿ ಹರಿದುದನ್ನು ಹೊಲಿಯುವುದು ಅಪರೂಪ. ರೋಗಿಯದೇ ತೊಡೆಯ ಹಿಂಭಾಗದಿಂದಲೋ ಮಂಡಿಚಿಪ್ಪಿನ ಕೆಳಗಿನಿಂದಲೋ ಸ್ನಾಯುರಜ್ಜುವಿನ ಒಂದು ಭಾಗವನ್ನು ತೆಗೆದು, ಮೂಳೆಗಳಲ್ಲಿ ಸುರಂಗ ಕೊರೆದು, ಹಳೆಯದರ ಜಾಗದಲ್ಲಿ ಕೂರಿಸುತ್ತಾರೆ. ಇಲ್ಲೊಂದು ಸೂಕ್ಷ್ಮವಿದೆ. ಕಸಿ ಮಾಡಿದ ಈ ಎಳೆಗೆ ಆರಂಭದಲ್ಲಿ ರಕ್ತಸಂಚಾರವಿರುವುದಿಲ್ಲ. ದೇಹ ಅದರೊಳಗೆ ಹೊಸ ರಕ್ತನಾಳಗಳನ್ನೂ ಜೀವಕೋಶಗಳನ್ನೂ ತುಂಬಿ ಲಿಗಮೆಂಟಾಗಿ ಮಾರ್ಪಡಿಸುವ ಕೆಲಸ ವರ್ಷವನ್ನೂ ಮೀರಬಹುದು. ಈ ನಡುವೆ, ಮೊದಲ ಕೆಲವು ತಿಂಗಳಲ್ಲಿ, ಎಳೆ ಕೂರಿಸಿದ ದಿನಕ್ಕಿಂತ ದುರ್ಬಲವಾಗಿರುತ್ತದೆ. ನೋವು ಹೋಗಿ, ಊತ ಇಳಿದು, ಹುಡುಗನಿಗೆ ಓಡಬೇಕೆನಿಸುವ ಕಾಲವೂ ಸರಿಯಾಗಿ ಅದೇ.

ಫಲಿತಾಂಶಗಳ ಲೆಕ್ಕವೂ ನಮ್ಮನ್ನು ಎಚ್ಚರಿಸುತ್ತದೆ. 7,000ಕ್ಕೂ ಹೆಚ್ಚು ರೋಗಿಗಳ ವಿವರಗಳನ್ನು ಒಟ್ಟುಗೂಡಿಸಿ 2014ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಶಸ್ತ್ರಚಿಕಿತ್ಸೆಯಾದವರಲ್ಲಿ ಶೇಕಡ 81 ಮಂದಿ ಯಾವುದಾದರೊಂದು ಆಟಕ್ಕೆ ಮರಳಿದರು. ಹಿಂದಿನ ಮಟ್ಟಕ್ಕೆ ಮರಳಿದವರು ಶೇಕಡ 65. ಸ್ಪರ್ಧೆಗೆ ಮರಳಿದವರು ಶೇಕಡ 55. ಮರಳಿದವರ ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಇಪ್ಪತ್ತೈದರೊಳಗಿನ ವಯಸ್ಸಿನಲ್ಲಿ ಆಟಕ್ಕೆ ಮರಳಿದವರಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಅದೇ ಕಾಲಿನಲ್ಲೋ ಇನ್ನೊಂದರಲ್ಲೋ ಮತ್ತೆ ಈ ಗಾಯವಾಗುತ್ತದೆಂದು 2016ರ ಇನ್ನೊಂದು ಅಧ್ಯಯನ ತೋರಿಸಿತು. ನಾರ್ವೆಯ ಸಂಶೋಧಕರು 2016ರಲ್ಲಿ ತಿಳಿಸಿದ್ದು ಇನ್ನೂ ಉಪಯುಕ್ತವಾದುದು: ಒಂಬತ್ತು ತಿಂಗಳು ತುಂಬುವವರೆಗೆ, ಆಟಕ್ಕೆ ಮರಳುವುದನ್ನು ಒಂದೊಂದು ತಿಂಗಳು ತಡಮಾಡಿದಂತೆ ಮರುಗಾಯದ ಪ್ರಮಾಣ ಸುಮಾರು ಅರ್ಧಕ್ಕೆ ಇಳಿಯುತ್ತ ಹೋಯಿತು.

ನಮ್ಮವರೇ ಆದ ಕ್ರೀಡಾಪಟುಗಳ ಉದಾಹರಣೆ ಧೈರ್ಯ ಕೊಡುವಂಥದು. ಕಡೂರಿಗೆ ನೆರೆಯದಾದ ಅರಸೀಕೆರೆ ತಾಲ್ಲೂಕಿನ ಜಾವಗಲ್ಲಿನ ಹೆಸರನ್ನು ತಮ್ಮ ಹೆಸರಿನ ಮುಂದೆ ಹೊತ್ತ ಶ್ರೀನಾಥ್, ಭುಜದ ಗಾಯದಿಂದ 1997ರ ವೆಸ್ಟ್ ಇಂಡೀಸ್ ಪ್ರವಾಸವನ್ನು ಕಳೆದುಕೊಂಡು ಶಸ್ತ್ರಚಿಕಿತ್ಸೆಗೆ ಒಳಗಾದರು. 1999ರಲ್ಲಿ ಕಲ್ಕತ್ತೆಯಲ್ಲಿ ಪಾಕಿಸ್ತಾನದ ಎದುರು ಒಂದೇ ಟೆಸ್ಟಿನಲ್ಲಿ 13 ವಿಕೆಟ್ ಪಡೆದರು. ಅನಿಲ್ ಕುಂಬ್ಳೆ ಭುಜದ ಶಸ್ತ್ರಚಿಕಿತ್ಸೆಯ ಕಾರಣ 2001ರ ಆಸ್ಟ್ರೇಲಿಯಾ ಸರಣಿಯಲ್ಲಿ ಆಡಲಾಗಲಿಲ್ಲ. ಅವರ 619 ಟೆಸ್ಟ್ ವಿಕೆಟುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಬಂದದ್ದು ಆ ಮೇಲೆಯೇ. 2023ರ ಮೇ ತಿಂಗಳಲ್ಲಿ ತೊಡೆಗೆ ಗಾಯವಾಗಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಕೆ. ಎಲ್. ರಾಹುಲ್ ಸೆಪ್ಟೆಂಬರಿನಲ್ಲಿ ಏಷ್ಯಾ ಕಪ್‌ಗೆ ಮರಳಿ ಶತಕ ಬಾರಿಸಿದರು. ಆದರೆ ಇದನ್ನು ಓದಿ ನಾಲ್ಕೇ ತಿಂಗಳು ಸಾಕೆಂದು ಯಾರೂ ತಿಳಿಯಬಾರದು. ತೊಡೆಯ ಸ್ನಾಯುರಜ್ಜುವೇ ಬೇರೆ, ಮೊಣಕಾಲಿನ ಕಸಿಯೇ ಬೇರೆ. ಅಂಥ ಆಟಗಾರರ ಬೆನ್ನಿಗೆ ದಿನದಿನವೂ ವ್ಯಾಯಾಮ ಮಾಡಿಸುವ ಪರಿಣತರಿರುತ್ತಾರೆ ಎಂಬುದನ್ನೂ ಮರೆಯಲಾಗದು.

ನಮ್ಮ ಹುಡುಗರಿಗೆ ಕೊರತೆಯಾಗುವುದು ಇದೇ. ಶಿವಮೊಗ್ಗಕ್ಕೋ ಬೆಂಗಳೂರಿಗೋ ಹೋಗಿ, ಸಾಲ ಮಾಡಿಯಾದರೂ ಶಸ್ತ್ರಚಿಕಿತ್ಸೆ ಮಾಡಿಸುವ ಮನೆ, ಅದರ ನಂತರದ ಒಂಬತ್ತು ತಿಂಗಳ ವ್ಯಾಯಾಮಕ್ಕೆ ಕೈಚೆಲ್ಲುತ್ತದೆ. ಬಸ್ಸಿನ ಖರ್ಚು, ತೋಟದ ಕೆಲಸ, 'ನೋವಿಲ್ಲವಲ್ಲ' ಎಂಬ ಸಮಾಧಾನ, ಎಲ್ಲವೂ ಸೇರಿ ಅದನ್ನು ನಿಲ್ಲಿಸಿಬಿಡುತ್ತವೆ. ಶಸ್ತ್ರವೈದ್ಯ ಎಳೆಯನ್ನು ಕೂರಿಸಬಲ್ಲ. ತೊಡೆಯ ಬಲವನ್ನು ಕೊಡಲಾರ. ಅದನ್ನು ರೋಗಿಯೇ ಗಳಿಸಬೇಕು.

ಆದಕಾರಣ ಪಂಚಾಂಗವೊಂದನ್ನೇ ನೋಡಿ ಆಟಕ್ಕೆ ಇಳಿಯಬಾರದೆಂಬುದು ನನ್ನ ಮಾತು. ಒಂಬತ್ತು ತಿಂಗಳಾದರೂ ತುಂಬಿರಬೇಕು. ಮೊಣಕಾಲು ಪೂರ್ತಿ ನೆಟ್ಟಗಾಗಬೇಕು. ಆಡಿದ ಮರುದಿನ ಊದಬಾರದು. ತೊಡೆಯ ಬಲವೂ ಒಂಟಿಕಾಲಿನ ಜಿಗಿತದ ದೂರವೂ ಇನ್ನೊಂದು ಕಾಲಿನ ಶೇಕಡ 90ರಷ್ಟಾದರೂ ಇರಬೇಕು. ವೈದ್ಯರ ಅನುಮತಿ ದೊರೆತ ಮೇಲೆ, ಜಿಗಿತವನ್ನು ಅಳೆಯಲು ಶಾಲೆಯ ದೈಹಿಕ ಶಿಕ್ಷಣ ಶಿಕ್ಷಕರ ಟೇಪೊಂದು ಸಾಕು. ಕೊನೆಯದಾಗಿ, ಹುಡುಗನ ಮನಸ್ಸಿನಲ್ಲಿ ಅಂಜಿಕೆ ಉಳಿದಿದ್ದರೆ ಅದನ್ನು ಹೇಡಿತನವೆಂದು ಹಂಗಿಸಬಾರದು. ಮೈ ಗುಣವಾದರೂ ಮರಳಲಾರದವರಲ್ಲಿ ಅನೇಕರನ್ನು ತಡೆಯುವುದು ಮತ್ತೆ ಗಾಯವಾದೀತೆಂಬ ಆ ಭಯವೇ. ಒಂದು ಹಂಗಾಮಿನ ಪಂದ್ಯಾವಳಿ ತಪ್ಪಿದರೆ ಮುಂದಿನ ವರ್ಷ ಇನ್ನೊಂದು ಬರುತ್ತದೆ. ಊರಿನ ತಂಡದ ಹಿರಿಯರು ಇದನ್ನು ಮನಗಂಡು, ಇನ್ನೂ ಸಿದ್ಧನಾಗದ ಹುಡುಗನನ್ನು ಪಂದ್ಯದ ದಿನ ಹೊರಗೆ ಕೂರಿಸುವ ಮನಸ್ಸು ಮಾಡಿದರೆ, ಅವನ ಮುಂದಿನ ನಲವತ್ತು ವರ್ಷಗಳ ನಡಿಗೆಯನ್ನು ಅವರು ಕಾಪಾಡಿದಂತಾಗುತ್ತದೆ.